ಎರವಲು ಕಫ

ಬಿತಾರಿಹೊ ಗೊರಿಲ್ಲಾದ ಜೊತೆ ಮಾತಾಡಿದನೆಂಬ ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿದವನು ಬಿತಾರಿಹೊನೇ. ಅಂಥ ಸುದ್ದಿ ಬೇರೆಯವರ ಬಾಯಿಂದ ಹಬ್ಬಿದರೆ ಮರ್ಯಾದೆ ಹೆಚ್ಚು ಎಂದು ಅವನಿಗೂ ಗೊತ್ತಿತ್ತು. ಆದರೆ ಅದು ನಡೆದಾಗ ಅಲ್ಲಿ ಇದ್ದದ್ದು ಅವನು, ಗೊರಿಲ್ಲಾ ಮತ್ತು ಒಂದು ಬಾಳೆಗಿಡ. ಉಳಿದಿಬ್ಬರನ್ನು ನೆಚ್ಚಿಕೊಂಡು ಕೂರುವಂತಿರಲಿಲ್ಲ.

ಆದ್ದರಿಂದ ಸಂಜೆ ಜೋಳದ ಹೆಂಡದ ಗಡಿಗೆಯ ಸುತ್ತ ಗಂಡಸರೆಲ್ಲ ತಮ್ಮ ತಮ್ಮ ಕೊಳವೆ ಇಳಿಬಿಟ್ಟು ಹೀರುತ್ತ ಕೂತಿದ್ದಾಗ ತಾನೇ ಶುರುಮಾಡಿದ.

"ಬೆಳಗ್ಗೆ ಮುಕುರು ನಮ್ಮ ತೋಟಕ್ಕೆ ಬಂದಿದ್ದ."

ಮುಕುರು ಎಂದರೆ ಹಿರಿಯ. ಬ್ವಿಂಡಿ ಕಾಡಿನ ಆ ಮಗ್ಗುಲಿನ ಗೊರಿಲ್ಲಾ ಹಿಂಡಿಗೆ ಯಜಮಾನನಾದ, ಬೆನ್ನು ಬೆಳ್ಳಗಾದ ಗಂಡಿಗೆ ಊರು ಇಟ್ಟ ಹೆಸರು. ಅವನು ತೋಟಕ್ಕೆ ಬರುವುದು ಹೊಸದೇನಲ್ಲ. ಕಾಡಂಚಿನ ಬಾಳೆದಿಂಡನ್ನೆಲ್ಲ ಮೊದಲು ರುಚಿ ನೋಡುತ್ತಿದ್ದವನು ಅವನೇ. ಹಾಗಾಗಿ ಯಾರೂ ಕೊಳವೆಯಿಂದ ಬಾಯಿ ತೆಗೆಯಲಿಲ್ಲ.

"ನಾನು ಕೆಮ್ಮಿದೆ," ಎಂದ ಬಿತಾರಿಹೊ. "ಅವನೂ ಕೆಮ್ಮಿದ. ನಾನು ಮತ್ತೆ ಕೆಮ್ಮಿದೆ. ಅವನೂ ಮತ್ತೆ ಕೆಮ್ಮಿದ. ಆಮೇಲೆ ಹೊಟ್ಟೆ ಕೆರ್ಕೊಂಡು ಕಾಡಿಗೆ ಹೋದ."

"ಅದರಲ್ಲೇನೈತೆ?" ಎಂದ ಒಬ್ಬ.

"ಅದು ಕೆಮ್ಮಲ್ಲ ಕಣೋ. ಇಬ್ರು ಯಜಮಾನ್ರು ಎದುರಾದ್ರೆ ಆಡೋ ಮಾತು."

ಈಗ ಕೊಳವೆಯಿಂದ ಬಾಯಿ ತೆಗೆದವನು ಕರ್ಯೇಜ. ಬಿತಾರಿಹೊನ ಪಕ್ಕದ ಮನೆಯವನು, ಇಟ್ಟಿಗೆ ಸುಡುವವನು, ಊರಿನ ಡೋಲಿ ಸಂಘದ ಮುಖ್ಯಸ್ಥ. ಆ ಗುಡ್ಡಗಳಲ್ಲಿ ಮನೆಯವರೆಗೆ ಗಾಡಿ ಬರುವುದಿಲ್ಲ. ಕಾಯಿಲೆಯವರನ್ನು ಬೆತ್ತದ ಡೋಲಿಯಲ್ಲಿ ಮಲಗಿಸಿ ಹೊತ್ತು ಇಳಿಸಬೇಕು. ಅದಕ್ಕೊಂದು ಸಂಘ, ಸಂಘಕ್ಕೊಂದು ಸರದಿ, ಸರದಿ ಯಾರದೇ ಇರಲಿ ಮುಂದಿನ ಬಲಗಡೆಯ ಹೆಗಲು ಮಾತ್ರ ಕರ್ಯೇಜನದು. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಂಥ ಆಳು.

"ನಮ್ಮ ಹೋತ ದಿನಾ ನನ್ನ ಮುಖಕ್ಕೇ ಕೆಮ್ಮತದೆ," ಎಂದ ಕರ್ಯೇಜ. "ಹಂಗಾದ್ರೆ ಅದು ನನ್ನ ಯೋಗಕ್ಷೇಮ ಕೇಳ್ತಾ ಐತೆ."

ಎಲ್ಲರೂ ನಕ್ಕರು. ತನ್ನ ಮಾತಿಗೆ ತಾನೇ ಹೆಚ್ಚು ನಕ್ಕ ಕರ್ಯೇಜನ ನಗು ಕೊನೆಗೆ ಕೆಮ್ಮಾಗಿ, ಕೆಮ್ಮು ನಿಲ್ಲದೆ, ಅವನು ಎದ್ದುಹೋಗಿ ಬೇಲಿ ಹಿಡಿದು ನಿಲ್ಲಬೇಕಾಯಿತು. "ಗೂಡಿನ ಹೊಗೆ," ಎಂದು ಕಣ್ಣೊರೆಸಿಕೊಳ್ಳುತ್ತ ಬಂದು ಕೂತ. ಇಟ್ಟಿಗೆ ಗೂಡಿನ ಹೊಗೆ ಅವನಿಗೆ ಹೊಸದಲ್ಲವಾದ್ದರಿಂದ ಯಾರೂ ಏನೂ ಕೇಳಲಿಲ್ಲ.

ಅವಮಾನ ತಿಂದು ಮನೆಗೆ ಬಂದ ಬಿತಾರಿಹೊನ ಮಾತನ್ನು ಗಂಭೀರವಾಗಿ ತೆಗೆದುಕೊಂಡವಳು ಇಡೀ ಊರಿನಲ್ಲಿ ಒಬ್ಬಳೇ. ಅವಳು ತೆಗೆದುಕೊಳ್ಳದಿದ್ದರೇ ಚೆನ್ನಾಗಿತ್ತು.

ಅವಳು ಜೆನೀವ, ಬಿತಾರಿಹೊನ ಅಣ್ಣನ ಮಗಳು. ಹಳದಿ ಮಳೆ ಅಂಗಿ, ಮೊಣಕಾಲುದ್ದ ರಬ್ಬರು ಬೂಟು, ಹೆಗಲಿಗೊಂದು ಚೀಲ. ಕಡಲಾಚೆಯಿಂದ ಹಣ ಬರುವ ಒಂದು ಕಾರ್ಯಕ್ರಮದ ಸ್ವಯಂಸೇವಕಿ. ಕಾಡಿನ ಪ್ರಾಣಿ, ಮನುಷ್ಯರ ಆರೋಗ್ಯ, ಮನೆಯ ಸಂಪಾದನೆ, ಈ ಮೂರನ್ನೂ ಬೇರೆ ಮಾಡಬಾರದು, ಒಂದೇ ಹಗ್ಗವಾಗಿ ಹೊಸೆಯಬೇಕು ಎಂಬುದು ಆ ಕಾರ್ಯಕ್ರಮದ ತತ್ವ. ಜೆನೀವ ಅದನ್ನು ಎಷ್ಟು ಚೆನ್ನಾಗಿ ಹೊಸೆಯುತ್ತಿದ್ದಳೆಂದರೆ, ಗೊರಿಲ್ಲಾದಿಂದ ಶುರುವಾದ ಮಾತು ಉಸಿರು ತೆಗೆದುಕೊಳ್ಳುವ ಮೊದಲೇ ಕಕ್ಕಸಿನ ಗುಂಡಿಗೆ ಇಳಿದು, ಕಾಫಿ ಸಸಿಗೆ ಹತ್ತಿ, ಎರಡು ಮಕ್ಕಳ ನಡುವೆ ಎಷ್ಟು ಅಂತರವಿರಬೇಕು ಎಂಬಲ್ಲಿಗೆ ಮುಟ್ಟುತ್ತಿತ್ತು. ಕೇಳುವವರಿಗೆ ಎಲ್ಲಿ ತಲೆಯಾಡಿಸಬೇಕು, ಎಲ್ಲಿ ತಲೆ ತಗ್ಗಿಸಬೇಕು ಎಂಬುದೇ ಕಷ್ಟ.

"ಚಿಕ್ಕಪ್ಪ, ಮುಕುರು ಮುಂದೆ ಕೆಮ್ಮಿದ್ಯಂತೆ," ಎಂದಳು ಮರುದಿನ ಬೆಳಗ್ಗೆ ಅಂಗಳಕ್ಕೆ ಬಂದು.

ಬಿತಾರಿಹೊ ಎದೆ ಸೆಟೆಸಿದ. ಕೊನೆಗೂ ಒಬ್ಬರು ಕೇಳಲು ಬಂದರು. "ಹೌದವ್ವ. ಅವನೂ ತಿರುಗಿ ಕೆಮ್ಮಿದ."

"ಎಷ್ಟು ದೂರದಲ್ಲಿದ್ದ?"

"ಇಲ್ಲಿಂದ ಆ ಕೋಳಿಗೆ ಆಗೋವಷ್ಟು."

"ನಿಂಗೆ ಕೆಮ್ಮು ಯಾವಾಗಿಂದ ಐತೆ?"

ಈ ಪ್ರಶ್ನೆ ಬಿತಾರಿಹೊನಿಗೆ ಹಿಡಿಸಲಿಲ್ಲ. ಮಾತು ಮುಕುರುವಿನಿಂದ ತನ್ನ ಕಡೆ ತಿರುಗುತ್ತಿತ್ತು. "ಯಾಕೆ?" ಎಂದ.

"ನಮ್ಮ ಕೆಮ್ಮು ಗೊರಿಲ್ಲಾಗೆ ಅಂಟ್ತದೆ ಚಿಕ್ಕಪ್ಪ. ಮುಕುರು ಇವತ್ತೂ ಕೆಮ್ಮತಾ ಇದ್ನಂತೆ. ಕಾವಲಿನವ್ರು ನೋಡವ್ರೆ. ಪ್ರಾಣಿವೈದ್ಯರು ಬಂದು ಅವನ ಲದ್ದಿ ತಗೊಂಡು ಹೋದ್ರು." ಜೆನೀವ ಚೀಲದಿಂದ ಮುಚ್ಚಳವಿರುವ ಸಣ್ಣ ಡಬ್ಬಿಯೊಂದನ್ನು ತೆಗೆದಳು. "ನಿನ್ನ ಕಫ ಬೇಕು."

ಬಿತಾರಿಹೊನ ತಲೆ ಆ ಕ್ಷಣದಲ್ಲಿ ಒಂದು ನ್ಯಾಯಾಲಯ ಕಟ್ಟಿತು. ಒಂದು ಮೇಜಿನ ಮೇಲೆ ಮುಕುರುವಿನ ಲದ್ದಿ, ಇನ್ನೊಂದರ ಮೇಲೆ ತನ್ನ ಕಫ, ನಡುವೆ ನ್ಯಾಯಾಧೀಶರು. ಲೋಕದ ಮೂಲೆಮೂಲೆಯಿಂದ ಜನ ನೋಡಲು ಬರುವ ಸರ್ಕಾರದ ಗೊರಿಲ್ಲಾಕ್ಕೆ ರೋಗ ಹಚ್ಚಿದವನು ಯಾರು ಎಂದು ಅವರು ಕೇಳುತ್ತಿದ್ದಾರೆ. ಹೆಂಡದ ಗಡಿಗೆಯ ಸುತ್ತ ಕೂತವರೆಲ್ಲ ಸಾಕ್ಷಿಗಳು.

"ನಂಗೆ ಕೆಮ್ಮೇ ಇಲ್ಲ," ಎಂದ.

ಜೆನೀವ ಸುಮ್ಮನೆ ಅವನನ್ನು ನೋಡುತ್ತ ಕೂತಳು. ಇಲ್ಲ ಎಂದ ಮೇಲೆ ಕೆಮ್ಮು ಬರಲೇಬೇಕಲ್ಲ, ಬಂತು. ಬಿತಾರಿಹೊ ಅದನ್ನು ಗಂಟಲಲ್ಲೇ ಹಿಡಿದ. ಅವನ ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು, ಕತ್ತಿನ ನರ ಹಗ್ಗದ ಹಾಗೆ ಎದ್ದಿತು. ಜೆನೀವ ಈ ವರ್ಷದ ಅವರೆ ಫಸಲಿನ ಬಗ್ಗೆ ವಿಚಾರಿಸಿದಳು. ಅವನು ತಲೆಯಾಡಿಸಿದ.

ಒಲೆಯ ಮುಂದಿದ್ದ ಹೆಂಡತಿ ಮೆರಾಬು ಅಲ್ಲಿಂದಲೇ ಹೇಳಿದಳು, "ಬಿಟ್ಬಿಡು ಅದನ್ನ. ಕಣ್ಣುಗುಡ್ಡೆ ಬಿದ್ರೆ ನಾನು ಹುಡುಕಲ್ಲ."

ಅವನು ಬಿಟ್ಟ. ಅಂಗಳದ ಕೋಳಿಗಳೆಲ್ಲ ಬೇಲಿ ಹಾರಿದವು.

"ನಾಳೆ ಎದ್ದ ತಕ್ಷಣ, ಏನೂ ತಿನ್ನೋಕ್ಕೆ ಮುಂಚೆ," ಎಂದಳು ಜೆನೀವ ಡಬ್ಬಿಯನ್ನು ಅವನ ಕೈಯಲ್ಲಿಟ್ಟು. "ಎದೆ ಆಳದಿಂದ ಬರ್ಬೇಕು."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಿತಾರಿಹೊ ಡಬ್ಬಿ ಹಿಡಿದು ಪಕ್ಕದ ಮನೆಯ ಬಾಗಿಲಲ್ಲಿದ್ದ. ರಾತ್ರಿಯೆಲ್ಲ ಯೋಚಿಸಿ ಅವನು ಕಂಡುಕೊಂಡದ್ದು ಇಷ್ಟು: ನಿರಪರಾಧಿಯ ಕಫ ಬೇಕು. ಊರಿನಲ್ಲಿ ಒಂದು ದಿನಕ್ಕೂ ಹಾಸಿಗೆ ಹಿಡಿಯದ, ಎಲ್ಲರನ್ನೂ ಹೊತ್ತು ಯಾರಿಂದಲೂ ಹೊರಿಸಿಕೊಳ್ಳದ ಎದೆ ಒಂದೇ.

"ಉಗುಳ್ಬೇಕಾ?" ಎಂದ ಕರ್ಯೇಜ ಡಬ್ಬಿಯನ್ನು ತಿರುಗಿಸಿ ನೋಡುತ್ತ. "ನಾನ್ಯಾಕೆ?"

"ಮುಕುರುಗೆ ಔಷಧಿ ಮಾಡ್ತಾರಂತೆ. ಗಟ್ಟಿ ಎದೆಯವರ ಕಫ ಬೇಕಂತೆ. ಊರಲ್ಲಿ ಯಾರವ್ರೆ ಅಂತ ಕೇಳಿದ್ರು." ಬಿತಾರಿಹೊ ನೆಲ ನೋಡಿದ. "ಸುಳ್ಳು ಯಾಕೆ ಹೇಳ್ಲಿ, ನಿನ್ನ ಹೆಸರು ಹೇಳ್ದೆ."

ನಿನ್ನೆ ಮೊನ್ನೆ ಗೇಲಿ ಮಾಡಿದ ತನ್ನ ಹೆಸರನ್ನೇ ಇವನು ಹೇಳಿದನಲ್ಲ ಎಂದು ಕರ್ಯೇಜನ ಮನಸ್ಸು ತುಂಬಿ ಬಂತು. ಒಳಗೆ ಹೋಗಿ ಮುಖ ತೊಳೆದ. ತಲೆ ಬಾಚಿದ. ಚರ್ಚಿಗೆ ಹಾಕುವ ಅಂಗಿ ಹಾಕಿಕೊಂಡು ಬಂದು, ಅಂಗಳದ ನಡುವೆ ನೆಟ್ಟಗೆ ನಿಂತು, ಎದೆಯ ತಳದಿಂದ ಎಳೆದು ಡಬ್ಬಿ ತುಂಬಿಸಿಕೊಟ್ಟ.

"ಸಾಕಾ? ಮುಕುರು ದೊಡ್ಡ ಆಳು."

"ಸಾಕು. ಯಾರಿಗೂ ಹೇಳ್ಬೇಡ."

ಕರ್ಯೇಜ ಹೇಳಲಿಲ್ಲ. ಅಂದು ಸಂಜೆ ಗಡಿಗೆಯ ಬಳಿ, ಒಂದು ದೊಡ್ಡ ಕಾರ್ಯಕ್ಕಾಗಿ ತನ್ನಿಂದ ಒಂದು ಪದಾರ್ಥ ಪಟ್ಟಣಕ್ಕೆ ಹೋಗಿದೆ, ಏನು ಎಂದು ಮಾತ್ರ ಯಾರೂ ಕೇಳಬಾರದು ಎಂದು ಎಲ್ಲರಿಗೂ ಒಬ್ಬೊಬ್ಬರಾಗಿ ತಿಳಿಸಿದ.

ಆ ವಾರ ಕಳೆಯುವುದರೊಳಗೆ ಜೆನೀವ ಗುಡ್ಡ ಹತ್ತಿ ಬಂದಳು. ಬಿತಾರಿಹೊ ನಿರಪರಾಧಿಯ ಮುಖ ಮಾಡಿಕೊಂಡು ಎದುರುಗೊಂಡ. ಅವಳು ಕಕ್ಕಸಿನ ಕಡೆ ನೋಡಲಿಲ್ಲ, ಕಾಫಿ ಸಸಿ ಏನಾಯಿತೆಂದು ಕೇಳಲಿಲ್ಲ. ಅವನ ಪಕ್ಕದಲ್ಲಿ ಕೂತು ಕೈ ಹಿಡಿದಳು.

"ಚಿಕ್ಕಪ್ಪ, ಹೆದರ್ಬೇಡ. ಕ್ಷಯ ಐತೆ. ಆರು ತಿಂಗಳು ಮಾತ್ರೆ ನುಂಗಿದ್ರೆ ವಾಸಿಯಾಗ್ತದೆ."

ಬಿತಾರಿಹೊನಿಗೆ ಮೊದಲು ಬಂದ ಯೋಚನೆ, ಪರೀಕ್ಷೆ ತಪ್ಪಿದೆ ಎಂದು. ಕರ್ಯೇಜನಿಗೆ ಕ್ಷಯ ಎಂದರೆ ಬಂಡೆಗೆ ನೆಗಡಿ ಎಂದ ಹಾಗೆ. ಹಾಗೆಂದು ಹೇಳಲು ಬಾಯಿ ತೆರೆದವನಿಗೆ ಎರಡನೆಯ ಯೋಚನೆ ಬಂತು, ಅದು ಮೊದಲನೆಯದಕ್ಕಿಂತ ಭಯಂಕರವಾಗಿತ್ತು. ಪಟ್ಟಣದ ಯಂತ್ರ ಬಹಳ ಜಾಣ ಎಂದು ಜೆನೀವ ಎಷ್ಟೋ ಸಲ ಹೇಳಿದ್ದಳು. ಯಾರ ಕಫವನ್ನೇ ಕೊಡಲಿ, ಡಬ್ಬಿಯ ಮೇಲೆ ಯಾರ ಹೆಸರಿದೆಯೋ ಅವರ ಎದೆಯನ್ನೇ ಅದು ಹುಡುಕಿ ನೋಡಿರಬೇಕು. ತನ್ನ ಕಳ್ಳತನವನ್ನು ಯಂತ್ರ ಹಿಡಿಯಿತು. ಈ ತೀರ್ಮಾನಕ್ಕೆ ಬಂದದ್ದೇ ಬಿತಾರಿಹೊ ಅಲ್ಲೇ ಚಾಪೆಯ ಮೇಲೆ ಒರಗಿದ.

"ನಾಡಿದ್ದು ಕಾರ್ಯಕ್ರಮದವರ ಗಾಡಿ ಬರ್ತದೆ," ಎಂದಳು ಜೆನೀವ. "ಅದರಲ್ಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ. ಅಲ್ಲಿಂದ ಮಾತ್ರೆ ಶುರು."

ಆಮೇಲೆ ಮನೆಯಲ್ಲಿ ನಡೆದದ್ದಕ್ಕೆ ಬಿತಾರಿಹೊ ಸಿದ್ಧನಾಗಿರಲಿಲ್ಲ. ಮೆರಾಬು ಅವನೊಡನೆ ಎಷ್ಟೋ ವರ್ಷದಿಂದ ಮಾತಾಡುತ್ತಿದ್ದ ದನಿ, ಆಡುಗಳನ್ನು ಅಟ್ಟುವ ದನಿಯೇ. ಅವನು ಅದಕ್ಕೆ ಒಗ್ಗಿಹೋಗಿದ್ದ. ಈಗ ಅವಳು ಬಾಗಿಲು ತೆರೆದಿಟ್ಟು ಗಾಳಿ ಬರುವ ಜಾಗದಲ್ಲಿ ಅವನ ಹಾಸಿಗೆ ಹಾಸಿದಳು. ರಾಗಿ ಬೀಸಿ ಬಿಸಿ ಮುದ್ದೆ ಮಾಡಿದಳು, ಜೊತೆಗೆ ಕಡಲೆಕಾಯಿಯ ಗೊಜ್ಜು. ಸಂತೆಗೆಂದು ಕೂಡಿಟ್ಟ ಮೊಟ್ಟೆಗಳನ್ನು ಹೊತ್ತಿಗೊಂದರಂತೆ ಬೇಯಿಸಿ ಸುಲಿದು ಕೊಟ್ಟಳು. ತಿನ್ನುವವರೆಗೂ ಎದುರಿಗೇ ಕೂತಿರುತ್ತಿದ್ದಳು.

"ಇಷ್ಟೊಂದು ಯಾಕೆ?" ಎಂದ ಬಿತಾರಿಹೊ.

"ಸುಮ್ನೆ ತಿನ್ನು. ನೀನು ಹೋದ್ರೆ ನಾನು ಯಾರನ್ನ ಬೈಲಿ?"

ಹೇಳಿ ಅವಳು ಸೊಪ್ಪು ಕೊಯ್ಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಸೊಪ್ಪಿರಲಿಲ್ಲ. ಕಫ ತನ್ನದಲ್ಲ ಎಂದು ಅವಳಿಗೊಬ್ಬಳಿಗಾದರೂ ಹೇಳಿಬಿಡೋಣ ಎಂದುಕೊಂಡಿದ್ದ ಬಿತಾರಿಹೊ ಅವಳ ಕಣ್ಣು ನೋಡಿ ಇನ್ನೊಂದು ಮೊಟ್ಟೆ ತಿಂದ.

ಕರ್ಯೇಜ ಒಂದು ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಬಾಗಿಲಲ್ಲೇ ನಿಂತು ಕೋಳಿಯನ್ನು ನೆಲಕ್ಕೆ ಬಿಟ್ಟ.

"ನೀನು ಸಣ್ಣ ಎದೆಯವನು ಕಣೋ ಮೊದಲಿಂದ," ಎಂದ. "ನಂಗೆ ಬರ್ಬೇಕಿತ್ತು ಇದು. ನಾನಾಗಿದ್ರೆ ತಡ್ಕೊಂಡಿರ್ತಿದ್ದೆ." ಆಮೇಲೆ ಕೆಮ್ಮುತ್ತ ಮನೆಗೆ ಹೋದ.

ಗಾಡಿ ಬರುವ ದಿನ ಬಂತು. ಗಾಡಿ ರಸ್ತೆಯ ತುದಿಯಲ್ಲೇ ಕೆಳಗೆ ನಿಂತಿತು. ಅದರಲ್ಲಿದ್ದವರು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಿತಾರಿಹೊನ ಅಂಗಳ ಮುಟ್ಟಿದರು. ರಾಜಧಾನಿ ಕಂಪಾಲದಿಂದ ಬಂದ ಒಬ್ಬ ಅಧಿಕಾರಿ, ಅವರ ಜೊತೆ ಕಾರ್ಯಕ್ರಮಕ್ಕೆ ಹಣ ಕೊಡುವವರ ಕಡೆಯ ಒಬ್ಬ ಬಿಳಿಯ ಹೆಂಗಸು. ಅವರು ಬರುತ್ತಾರೆಂದು ಊರಿಗೆ ಊರೇ ಬೇಲಿಯ ಸುತ್ತ ನೆರೆದಿತ್ತು.

ಜೆನೀವ ಮೊದಲು ಎಲ್ಲರಿಗೂ ಒಂದು ವಿಷಯ ತಿಳಿಸಿದಳು. "ಮುಕುರು ಲದ್ದಿ ಪರೀಕ್ಷೆ ಆಯ್ತು. ಅವನಿಗೆ ಯಾವ ರೋಗಾನೂ ಇಲ್ಲ. ಬಾಳೆ ನಾರು ಗಂಟಲಲ್ಲಿ ಸಿಕ್ಕೊಂಡು ಕೆಮ್ಮತಾ ಇದ್ದ. ಈಗ ಸರಿಹೋಗವ್ನೆ."

ಜನ ನಿಟ್ಟುಸಿರು ಬಿಟ್ಟರು. ಹಿಂದೆ ನಿಂತಿದ್ದ ಕರ್ಯೇಜ ಮಾತ್ರ ಗಂಭೀರವಾಗಿ ತಲೆಯಾಡಿಸಿ, ಬಿತಾರಿಹೊನ ಕಿವಿಗೆ ಬಾಗಿ, "ನಾರಂತೆ. ಹೇಳ್ಕೊಳ್ಳಿ ಬಿಡು. ನಂಗೆ ಗೊತ್ತು ಯಾವ ಔಷಧಿ ಕೆಲಸ ಮಾಡ್ತು ಅಂತ," ಎಂದ.

ಅಧಿಕಾರಿ ಬಿತಾರಿಹೊನ ಮುಖಕ್ಕೆ ಬಟ್ಟೆಯ ಮುಸುಕು ಕಟ್ಟಿಸಿ ಪಕ್ಕದಲ್ಲಿ ಕೂತರು. "ಮೇಷ್ಟ್ರೇ, ಕಾಡು, ಆರೋಗ್ಯ, ಜೀವನೋಪಾಯ, ಈ ಮೂರೂ ಒಂದೇ ಅಂತ ನಾವು ಇಷ್ಟು ವರ್ಷ ಬರೀ ಬಾಯಲ್ಲಿ ಹೇಳ್ತಿದ್ವಿ. ಗೊರಿಲ್ಲಾ ವಿಷಯಕ್ಕೆ ಅಂತ ಕಫ ಕೊಟ್ಟಿರಿ, ನಿಮ್ಮ ರೋಗ ಸಿಕ್ತು. ನಮ್ಮ ಕಾರ್ಯಕ್ರಮ ಅಂದ್ರೆ ಏನು ಅಂದ್ರೆ, ನೀವೇ."

ಬಿತಾರಿಹೊ ಮೇಷ್ಟ್ರಲ್ಲ. ಆದರೆ ಆ ಹೊತ್ತಿಗೆ ತಿದ್ದಬೇಕಾದ ವಿಷಯಗಳು ಬೇರೆ ಬಹಳ ಇದ್ದುದರಿಂದ ಇದೊಂದನ್ನು ಬಿಟ್ಟ.

ಬಿಳಿಯ ಹೆಂಗಸು ಏನೋ ಕೇಳಿದರು. ಅಧಿಕಾರಿ ಅದನ್ನು ಊರಿನ ಮಾತಿಗೆ ತಿರುಗಿಸಿ ಕೇಳಿದರು: "ಗೊರಿಲ್ಲಾ ಬಗ್ಗೆ ನಿಮಗೇನನ್ನಿಸುತ್ತೆ?"

"ನಂಗೆ ಅವನ ಮೇಲೆ ಸಿಟ್ಟಿಲ್ಲ," ಎಂದ ಬಿತಾರಿಹೊ.

ಆ ಹೆಂಗಸು ಎದೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಕಾರ್ಯಕ್ರಮದಿಂದ ಕೊಟ್ಟ ಕಾಫಿ ಸಸಿಗಳು ಹೇಗಿವೆ ಎಂದು ಕೇಳಿದರು.

"ಆಡು ತಿಂದ್ವು."

ಅಧಿಕಾರಿ ಒಂದು ಗಳಿಗೆ ಯೋಚಿಸಿ, ಕಾಫಿ ಬೆಳೆಯನ್ನು ಇವರು ಪಶುಸಾಕಣೆಯ ಜೊತೆ ಸೇರಿಸಿಕೊಂಡಿದ್ದಾರೆ ಎಂದು ಅವರ ಭಾಷೆಯಲ್ಲಿ ಹೇಳಿದರು. ಅರ್ಥವಾದ ಜೆನೀವ ಬೇರೆ ಕಡೆ ನೋಡಿದಳು.

"ಗಾಡಿವರೆಗೂ ನಡ್ಕೊಂಡು ಬರೋಕ್ಕಾಗುತ್ತಾ?" ಎಂದು ಅಧಿಕಾರಿ ಕೇಳಿದಾಗ ಬಿತಾರಿಹೊ "ಆಗ್ತದೆ" ಎಂದು ಎದ್ದೇ ನಿಂತ. ನಿಂತವನ ಹೆಗಲ ಮೇಲೆ ಒಂದು ಭಾರವಾದ ಕೈ ಬಿತ್ತು. ಕರ್ಯೇಜನದು.

"ಯಾರು ನಡೆಯೋರು?" ಎಂದ ಕರ್ಯೇಜ. "ಹೆಸರಿರೋ ರೋಗ ಬಂದವ್ನು ನಡ್ಕೊಂಡು ಇಳಿದ್ರೆ ನಾಳೆ ನಮ್ಮ ಸಂಘಕ್ಕೆ ಯಾರು ಮರ್ಯಾದೆ ಕೊಡ್ತಾರೆ?"

"ನಂಗೆ ನಡೆಯೋಕ್ಕಾಗ್ತದೆ ಕಣೋ."

"ಜ್ವರದಲ್ಲಿ ಎಲ್ರೂ ಹಂಗೇ ಅಂತಾರೆ." ಕರ್ಯೇಜ ದನಿ ತಗ್ಗಿಸಿದ. "ನಿಮ್ಮಪ್ಪನ್ನೂ ನಾನೇ ಹೊತ್ತಿದ್ದೀನಿ. ನಂಗೆ ಹೆಗಲಿರೋವರ್ಗೂ ನೀನು ನಡೆಯಂಗಿಲ್ಲ."

ಡೋಲಿ ಬಂತು. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆಗೂ ಕಾಯಿಲೆಯವರನ್ನು ಹೊರುವ ಡೋಲಿಗೂ ಆ ಗುಡ್ಡಗಳಲ್ಲಿ ಒಂದೇ ಹೆಸರು. ಎರಡರಲ್ಲೂ ಮಲಗಿದವರು ಎದುರು ಮಾತಾಡುವ ಹಾಗಿಲ್ಲ. ಬಿತಾರಿಹೊ ಮಲಗಿದ. ನಾಲ್ವರು ಎತ್ತಿದರು.

"ಅಬ್ಬಾ, ಕ್ಷಯ ಬಂದ್ರೆ ಸೊರಗ್ತಾರೆ ಅಂತಿದ್ರಲ್ಲ," ಎಂದ ಹಿಂದೆ ಹೊರುತ್ತಿದ್ದವನು.

"ಮೆರಾಬು ಮೊಟ್ಟೆ ಕೊಟ್ಟವ್ಳೆ," ಎಂದ ಪಕ್ಕದವನು. "ಹೊತ್ಕೊಂಡು ಹೋಗ್ತಾ ಇರೋದು ಕೋಳಿಗೂಡು."

ಮೆರವಣಿಗೆ ಹೊರಟಿತು. ಮುಂದೆ ಡೋಲಿ, ಹಿಂದೆ ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತ ಮೆರಾಬು, ಅವಳ ಹಿಂದೆ ಜೆನೀವ, ಆಮೇಲೆ ಅತಿಥಿಗಳು, ಆಮೇಲೆ ಊರು. ಇಳಿಜಾರು ಜಾರುತ್ತಿತ್ತು. ಬಿತಾರಿಹೊನಿಗೆ ಮಲಗಿದಲ್ಲಿಂದ ಆಕಾಶ ಕಾಣುತ್ತಿತ್ತು, ಆಕಾಶ ನೋಡಿ ಸಾಕಾದಾಗ ಕರ್ಯೇಜನ ಕತ್ತಿನ ಹಿಂಭಾಗ ಕಾಣುತ್ತಿತ್ತು.

ಆ ಕತ್ತನ್ನು ಅವನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಎತ್ತಿನ ಹೆಗಲಿನಂತಿದ್ದ ಜಾಗದಲ್ಲಿ ಈಗ ಎರಡು ನರ, ನಡುವೆ ಒಂದು ಹಳ್ಳ. ಅಂಗಿ ಬೆನ್ನಿಗೆ ಅಂಟಿ ಮೂಳೆ ತೋರಿಸುತ್ತಿತ್ತು. ಉಸಿರು ಕುಲುಮೆಯ ತಿದಿಯಂತೆ ಏಳುತ್ತ ಬೀಳುತ್ತ ಇತ್ತು.

"ಅಣ್ಣ, ನಾನು ತಗೊಳ್ಳಾ?" ಎಂದ ಪಕ್ಕದಲ್ಲಿ ಬರುತ್ತಿದ್ದ ಒಬ್ಬ.

"ದೂರ ಹೋಗು," ಎಂದ ಕರ್ಯೇಜ. ಅಷ್ಟು ಹೇಳಿದ್ದಕ್ಕೇ ಕೆಮ್ಮು ಹತ್ತಿತು. ಡೋಲಿಯನ್ನು ಅಲುಗಿಸದೆ ಕೆಮ್ಮಲು ಅವನು ಪಟ್ಟ ಪಾಡು ಬಿತಾರಿಹೊನಿಗೆ ಬೆತ್ತದ ಒಂದೊಂದು ಎಳೆಯಲ್ಲೂ ಗೊತ್ತಾಯಿತು. ಕೊನೆಗೆ ಕರ್ಯೇಜ ದಾರಿಯ ಪಕ್ಕಕ್ಕೆ ಉಗಿದು, ಯಾರೂ ನೋಡದ ಹಾಗೆ ಕಾಲಿನಿಂದ ಮಣ್ಣು ಮುಚ್ಚಿದ. ಹಿಂದೆ ಬರುವವರು ನೋಡಲಿಲ್ಲ. ಮೇಲೆ ಮಲಗಿದವನು ನೋಡಿದ. ಎಲೆಯ ಮೇಲೆ ಬಿದ್ದದ್ದು ಕೆಂಪಗಿತ್ತು.

ಪಟ್ಟಣದ ಯಂತ್ರ ಯಾವ ಜಾಣತನವನ್ನೂ ತೋರಿಸಿರಲಿಲ್ಲ. ಡಬ್ಬಿಯಲ್ಲಿ ಇದ್ದುದನ್ನು ಹೇಳಿತ್ತು, ಅಷ್ಟೆ. ಬಿತಾರಿಹೊನಿಗೆ ಅರ್ಥವಾಗಲು ಅರ್ಧ ಗುಡ್ಡ ಇಳಿಯಬೇಕಾಯಿತು.

"ಇಳಿಸಿ," ಎಂದ.

"ಒಂದಕ್ಕೆ ಬಂತಾ?" ಎಂದ ಹಿಂದಿನವನು.

"ಇಳಿಸ್ರೋ ಕೆಳಗೆ."

ಇಳಿಸಿದರು. ಬಿತಾರಿಹೊ ಎದ್ದು, ಮುಖದ ಮುಸುಕು ಬಿಚ್ಚಿ, ಕರ್ಯೇಜನ ಮುಂದೆ ನಿಂತ. ಎತ್ತರದಲ್ಲಿ ಅವನು ಕರ್ಯೇಜನ ಎದೆಗೆ ಬರುತ್ತಿದ್ದ.

"ನೀನು ಮಲಕ್ಕೊ."

"ಏನಂತೆ ಇವನಿಗೆ?" ಎಂದು ಕರ್ಯೇಜ ಜೆನೀವಳ ಕಡೆ ತಿರುಗಿದ. "ಜ್ವರ ತಲೆಗೇರಿತಾ?"

"ಆ ಕಫ ಮುಕುರುಗೆ ಹೋಗ್ಲಿಲ್ಲ ಕಣೋ," ಎಂದ ಬಿತಾರಿಹೊ. "ಔಷಧಿನೂ ಇಲ್ಲ, ಏನೂ ಇಲ್ಲ. ನನ್ನ ಮೇಲೆ ಕೇಸು ಹಾಕ್ತಾರೆ ಅಂತ ಹೆದರಿ, ನಿನ್ನ ಕಫಾನ ನಂದು ಅಂತ ಕೊಟ್ಟೆ. ಕ್ಷಯ ಇರೋದು ಅದರಲ್ಲಿ."

ಮೊದಲು ಮಾತಾಡಿದವಳು ಮೆರಾಬು.

"ಅಂದ್ರೆ ನಿಂಗಿಲ್ಲ."

"ಗೊತ್ತಿಲ್ಲ. ನನ್ನದನ್ನ ಯಾರೂ ನೋಡೇ ಇಲ್ಲ."

ಮೆರಾಬು ಬುಟ್ಟಿ ಇಳಿಸಿದಳು. ತಲೆಯ ಮೇಲಿನ ಬಾಳೆಪಟ್ಟೆಯ ಸಿಂಬೆ ತೆಗೆದು ಅದರಿಂದ ಅವನ ಬೆನ್ನಿಗೆ ಒಂದು, ಹೆಗಲಿಗೆ ಒಂದು ಹೊಡೆದಳು. ಮೂರನೆಯದಕ್ಕೆ ಎತ್ತಿದ ಕೈ ಹಾಗೇ ನಿಂತು, ಅವಳು ದಾರಿಯ ನಡುವೆಯೇ ಕುಕ್ಕರಿಸಿ ಸೆರಗಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. "ಸಂತೆ ಮೊಟ್ಟೆ ಎಲ್ಲಾ," ಎಂದಷ್ಟೇ ಕೇಳಿಸಿತು. ಅವಳು ಮೊಟ್ಟೆಗಾಗಿ ಅಳುತ್ತಿಲ್ಲವೆಂದು ಬಿತಾರಿಹೊನಿಗೂ ತಿಳಿಯಿತು.

ಕರ್ಯೇಜ ಬೇರೆಯೇ ಒಂದು ವಿಷಯದಲ್ಲಿ ನಿಂತುಹೋಗಿದ್ದ.

"ಹಂಗಾದ್ರೆ ಮುಕುರು ನನ್ನಿಂದ ವಾಸಿಯಾಗ್ಲಿಲ್ವ?"

"ಇಲ್ಲ ಕಣೋ."

"ನಾರೇನಾ?"

"ನಾರೇ."

ಕರ್ಯೇಜ ಒಂದು ಕಲ್ಲಿನ ಮೇಲೆ ಕೂತ. ರೋಗದ ಸುದ್ದಿ ಅವನನ್ನು ಕೂರಿಸಿರಲಿಲ್ಲ, ಇದು ಕೂರಿಸಿತು. ಬಿಳಿಯ ಹೆಂಗಸು ಮೆಲ್ಲಗೆ ಅಧಿಕಾರಿಯನ್ನು ಏನಾಯಿತೆಂದು ಕೇಳಿದರು. ಅಧಿಕಾರಿ ಬಹಳ ಹೊತ್ತು ಮಾತು ಹುಡುಕಿ, ಇಲ್ಲಿಯವರು ಕಾಯಿಲೆಯನ್ನೂ ಹಂಚಿಕೊಂಡು ಬದುಕುತ್ತಾರೆ ಎಂದರು. ಆ ಹೆಂಗಸಿನ ಕಣ್ಣು ಒದ್ದೆಯಾಯಿತು.

ಜೆನೀವ ಕರ್ಯೇಜನ ಮುಂದೆ ಮಂಡಿಯೂರಿ, "ಮಾವ, 'ಕೆಮ್ಮು ಐತಾ' ಅಂತ ಮನೆ ಮನೆಗೆ ಬಂದು ಕೇಳ್ದಾಗ ನೀನು ಹೊಗೆ ಅಂದೆ," ಎಂದಳು. "ನಾನು ನಂಬ್ಕೊಂಡು ಹೋಗ್ಬಿಟ್ಟೆ."

"ನಾನೂ ನಂಬಿದ್ದೆ ಮಗಾ," ಎಂದ ಕರ್ಯೇಜ.

"ಮಲಕ್ಕೊ," ಎಂದ ಬಿತಾರಿಹೊ ಮತ್ತೆ.

"ನಾನು ಹೊತ್ತವನು. ಹೊರಿಸ್ಕೊಂಡವನಲ್ಲ."

"ಗೊತ್ತು. ನನ್ನನ್ನ ಇಲ್ಲಿವರ್ಗೂ ಸುಮ್ಸುಮ್ನೆ ಹೊತ್ತೆ. ಇನ್ನು ಕೆಳಗಿನವರ್ಗೂ ನಾನು ಹೊರ್ತೀನಿ."

ಕರ್ಯೇಜ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ನೋಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ನಿನ್ನ ಎತ್ತರಕ್ಕೆ ನಾನು ಕಾಲು ಮೇಲೆ ಮಾಡ್ಕೊಂಡು ಆಸ್ಪತ್ರೆ ಸೇರ್ತೀನಿ," ಎಂದ. ಎದ್ದು ನಡೆದು ತೋರಿಸುವ ಮನಸ್ಸಿತ್ತು, ಕಾಲು ಏಳಲಿಲ್ಲ. ಆಮೇಲೆ ಅವನು ಯಾರ ಮುಖವನ್ನೂ ನೋಡದೆ ಡೋಲಿಯಲ್ಲಿ ಮಲಗಿದ. ಅವನ ಪಾದಗಳು ಹೊರಗೆ ಚಾಚಿಕೊಂಡವು. ಮುಂದಿನ ಬಲಗಡೆಗೆ ಬಿತಾರಿಹೊ ಹೆಗಲು ಕೊಟ್ಟ. ಮೆರಾಬು ಮೂಗೊರೆಸಿಕೊಂಡು ಬಂದು, ಹೊಡೆದ ಸಿಂಬೆಯನ್ನು ಗಂಡನ ಹೆಗಲ ಮೇಲಿಟ್ಟಳು. ಅದರಿಂದ ಡೋಲಿ ಸಮವಾಗಲಿಲ್ಲ, ಆದರೆ ಸ್ವಲ್ಪ ಕಡಿಮೆ ಓರೆಯಾಯಿತು.

ಇಳಿಯುವಾಗ ಕರ್ಯೇಜನ ಬಾಯಿ ಸುಮ್ಮನಿರಲಿಲ್ಲ. ಎಡಕ್ಕೆ ಕಲ್ಲಿದೆ ಎಂದ. ಹಿಂದಿನವರು ಹೆಜ್ಜೆ ಕೂಡಿಸುತ್ತಿಲ್ಲ ಎಂದ. ಇಷ್ಟು ವರ್ಷ ನೀವೆಲ್ಲ ಹೊರುತ್ತಿದ್ದ ರೀತಿ ಇದಾದರೆ, ಸತ್ತವರು ಡೋಲಿಯಿಂದಲೇ ಸತ್ತಿರಬೇಕು ಎಂದ. ತಿರುವಿನಾಚೆ ಗಾಡಿ ಕಂಡಾಗ ಬಿತಾರಿಹೊ ಹಿಂತಿರುಗಿ ನೋಡಿದ. ಕರ್ಯೇಜ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ.

ದೊಡ್ಡಾಸ್ಪತ್ರೆಯಲ್ಲಿ ಇಬ್ಬರ ಎದೆಯನ್ನೂ ನೋಡಿದರು. ಕರ್ಯೇಜನದು ಕ್ಷಯವೇ, ಇನ್ನೂ ಮೂರು ತಿಂಗಳು ಹೊಗೆ ಎಂದುಕೊಂಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಬಿತಾರಿಹೊನ ಕೆಮ್ಮು ರಾಗಿ ತೂರುವಾಗ ಬಾಯಿ ಮುಚ್ಚಿಕೊಳ್ಳದ್ದರಿಂದ ಬಂದದ್ದು. ಅವನ ಬಾಯಿಯ ಬಗ್ಗೆ ಮೆರಾಬು ಬಹಳ ಕಾಲದಿಂದ ಹೇಳುತ್ತಿದ್ದುದನ್ನೇ ಡಾಕ್ಟರೂ ಹೇಳಿದಂತಾಯಿತು. ಗಡಿಗೆಯ ಸುತ್ತ ಕೂಡುತ್ತಿದ್ದವರೆಲ್ಲ ಸಾಲಾಗಿ ನಿಂತು ಡಬ್ಬಿ ತುಂಬಿಸಿಕೊಟ್ಟರು, ಪ್ರತಿಯೊಬ್ಬರೂ ತಮ್ಮ ತಮ್ಮದನ್ನೇ, ಜೆನೀವಳ ಕಣ್ಣೆದುರಿಗೆ. ದೇವರ ದಯೆ, ಬೇರೆ ಯಾರಿಗೂ ಇರಲಿಲ್ಲ.

ಬಿತಾರಿಹೊನಿಗೆ ಏನು ಶಿಕ್ಷೆ ಎಂದು ಊರು ಕಾದಿತ್ತು. ಜೆನೀವ ಹೇಳಿದಳು: "ಆರು ತಿಂಗಳು, ದಿನಾ ಬೆಳಗ್ಗೆ ಕರ್ಯೇಜ ಮಾವ ಮಾತ್ರೆ ನುಂಗೋದನ್ನ ನೀನು ನಿಂತು ನೋಡ್ಬೇಕು. ಬಾಯಿ ತೆಗೆಸಿ ನೋಡ್ಬೇಕು, ನಾಲಿಗೆ ಕೆಳಗೂ. ಒಂದಿನ ತಪ್ಪಿದ್ರೂ ನಂಗೆ ಗೊತ್ತಾಗ್ತದೆ."

ಮೊದಮೊದಲು ಕರ್ಯೇಜ ಅವನೊಡನೆ ಒಂದು ಮಾತೂ ಆಡಲಿಲ್ಲ. ಮೆಟ್ಟಿಲ ಮೇಲೆ ಕೂತು ಮಾತ್ರೆ ನುಂಗುತ್ತಿದ್ದ, ಸಂತೆಯಲ್ಲಿ ಹಲ್ಲು ತೋರಿಸುವ ಎತ್ತಿನ ಹಾಗೆ ಬಾಯಿ ತೆರೆಯುತ್ತಿದ್ದ, ಮುಚ್ಚಿ ಆ ಕಡೆ ತಿರುಗುತ್ತಿದ್ದ. ಬಿತಾರಿಹೊ ನೋಡಿ, ಮೆರಾಬು ಕೊಟ್ಟ ಗಂಜಿಯ ಸೋರೆಬುರುಡೆಯನ್ನು ಅಲ್ಲಿಟ್ಟು ಹೋಗುತ್ತಿದ್ದ. ಮಾತ್ರೆಯಿಂದ ಹೊಟ್ಟೆ ತೊಳಸಿದ ದಿನ ಕರ್ಯೇಜ ಬಾಯಿ ಬಿಗಿಹಿಡಿದು ಕೂತ. ಬಿತಾರಿಹೊ ಬಿಸಿಲು ಅಂಗಳ ದಾಟುವವರೆಗೂ ಎದುರಿಗೆ ನಿಂತೇ ಇದ್ದ. ಕೊನೆಗೆ ಕರ್ಯೇಜನೇ ಸೋತು ನುಂಗಿದ.

ಮಳೆ ಶುರುವಾದ ಮೇಲೆ ಒಂದು ಬೆಳಗ್ಗೆ, ಬಾಯಿ ಮುಚ್ಚಿದವನು ಈ ಕಡೆ ನೋಡಿದ.

"ನನ್ನ ಕೋಳಿ ತಿಂದ್ಯಲ್ಲ, ಹೆಂಗಿತ್ತು?"

ಬಿತಾರಿಹೊ ಯೋಚಿಸಿದ. "ಸ್ವಲ್ಪ ಗಟ್ಟಿ."

"ಅದು ಮುದಿ ಹುಂಜ ಕಣೋ. ಸಾಯೋವ್ನಿಗೆ ಯಾಕೆ ಎಳೇದು ಅಂತ ತಂದಿದ್ದೆ."

ಇಬ್ಬರೂ ನಕ್ಕರು. ಕರ್ಯೇಜ ತಲೆ ಹಿಂದಕ್ಕೆ ಹಾಕಿ ಮನಸಾರೆ ನಕ್ಕ, ನಗು ಮುಗಿಯಿತು, ಕೆಮ್ಮು ಬರಲಿಲ್ಲ. ಬರುತ್ತದೇನೋ ಎಂದು ಇಬ್ಬರೂ ಸ್ವಲ್ಪ ಹೊತ್ತು ಕಾದರು.

ಆರು ತಿಂಗಳು ತುಂಬಿತು. ಆಸ್ಪತ್ರೆಯಲ್ಲಿ ನೋಡಿ, ಸಾಕು, ವಾಸಿಯಾಗಿದೆ ಎಂದು ಕಳಿಸಿದರು. ಮರುದಿನ ಬೆಳಗ್ಗೆ ಬಿತಾರಿಹೊ ಗಂಜಿಯ ಬುರುಡೆ ಹಿಡಿದು ಕರ್ಯೇಜನ ಅಂಗಳಕ್ಕೆ ಬಂದು ನಿಂತ. ನಿಂತ ಮೇಲೆ, ಇನ್ನು ಬರಬೇಕಾಗಿಲ್ಲವೆಂದು ನೆನಪಾಯಿತು. ತಿರುಗಿ ಹೋಗುವುದೋ ಬಿಡುವುದೋ ಎಂದು ತಡವರಿಸುತ್ತ ಮೆಟ್ಟಿಲ ಕಡೆ ನೋಡಿದ.

ಕರ್ಯೇಜ ತನ್ನ ಜಾಗದಲ್ಲಿ ಕೂತಿದ್ದ. ಇವನನ್ನು ನೋಡಿ ಬಾಯಿ ತೆರೆದ.

ಬಿತಾರಿಹೊ ಹತ್ತಿರ ಹೋಗಿ ಬಾಗಿ ನೋಡಿದ. ನಾಲಿಗೆ ಕೆಳಗೂ ನೋಡಿದ.

"ಸರಿಯಾಗೈತೆ," ಎಂದ.

ಕರ್ಯೇಜ ಸ್ವಲ್ಪ ಸರಿದು ಜಾಗ ಕೊಟ್ಟ.